ಕೆಟಲಿನ ಹಿಡಿ

ಆಸ್ಪತ್ರೆಯಲ್ಲಿ ನನ್ನ ಸರದಿಗಾಗಿ ಕಾಯುತ್ತಿದ್ದೆ. ಎದುರಿನ ಬೆಂಚಿನಲ್ಲಿ ಒಬ್ಬ ಹಿರಿಯರೂ ಒಬ್ಬ ಹೆಂಗಸೂ ಕುಳಿತಿದ್ದರು. ಇಬ್ಬರ ಎದೆಯ ಮೇಲೂ ಒಂದೇ ಬಿಲ್ಲೆ: 'ಉಚಿತ ರಿಪೇರಿ ಗೆಳೆಯರ ಕೂಟ'.

"ಆ ಅಜ್ಜಿ ಕೆಟಲಿಗೆ ಹಿಡಿ ಕೂರಿಸಿದ್ದು ನಾನೇ, ಮೇಷ್ಟ್ರೇ. ಅದು ಕಳಚಿ ಕುದಿಯೋ ನೀರು ಬಿದ್ದು, ಅಜ್ಜಿ ಕಾಲೆಲ್ಲ ಬೊಬ್ಬೆ ಎದ್ದಿದೆ. ಒಳಗೆ ಹೋಗಿ ಹೇಳ್ಬಿಡ್ತೀನಿ."

"ಸುಮ್ನೆ ಕೂತ್ಕೊ. ಅವರ ಮಗ ಕೆಂಡ ಆಗಿದ್ದಾನೆ. ಕೂಟಾನೇ ಮುಚ್ಚಿಸ್ತಾನೆ."

"ಅದಕ್ಕೇ ಅಜ್ಜೀನೇ ಕೈ ಜಾರಿ ಬೀಳಿಸಿದ್ರು ಅಂತ ಅವನಿಗೆ ಹೇಳಿದ್ರಾ?"

"ನಾನೆಲ್ಲಿ ಹಾಗಂದೆ?"

"ಫೋನಲ್ಲಿ. ನನ್ನ ಕಿವಿ ಪಕ್ಕದಲ್ಲೇ ಇತ್ತು."

"ವಯಸ್ಸಾದವರು, ಕೈ ನಡುಗುತ್ತೆ ಅಂದೆ, ಅಷ್ಟೆ."

"ನಿಮ್ಮ ಕೈ ನಡುಗಲ್ವಾ?"

ಅವರು ಕೈಗಳನ್ನು ಜೇಬಿಗಿಳಿಸಿದರು.

"ಯಾರು ಏನು ರಿಪೇರಿ ಮಾಡಿದ್ರು ಅಂತ ಹೇಳೋ ಪದ್ಧತೀನೇ ನಮ್ಮಲ್ಲಿಲ್ಲ. ನೀನ್ಯಾಕೆ ತಲೆ ಕೊಡ್ತೀಯ?"

"ಯಾರೂ ಹೊಗಳಿಸ್ಕೋಬಾರದು ಅಂತ ಆ ಪದ್ಧತಿ. ಬಚ್ಚಿಟ್ಕೊಳ್ಳೋಕಲ್ಲ. ಮೊದಲನೇ ದಿನ ನೀವೇ ಹೇಳಿದ್ದು."

ಅವಳು ಎದ್ದು ನಿಂತಳು. ಅವರು ಕೂತೇ ಇದ್ದರು. ಅವಳು ನಾಲ್ಕು ಹೆಜ್ಜೆ ಹೋದ ಮೇಲೆ ಕೂಗಿದರು.

"ನಿಲ್ಲಮ್ಮ! 'ನಾನು ಮಾಡಿದೆ' ಅನ್ಬೇಡ. 'ನಾವು' ಅನ್ನು."

"'ನಾವು' ಅಂದ್ರೆ ನೀವೂ ಬರ್ಬೇಕಾಗುತ್ತೆ."

"ಬರ್ದೆ ಇನ್ನೇನು? ಫೋನಲ್ಲಿ ಅಂದಿದ್ದನ್ನ ವಾಪಸ್ ತಗೋಬೇಕಲ್ಲ. ಅಧ್ಯಕ್ಷ ನಾನು, ಬೈಗುಳ ಮೊದ್ಲು ನನಗೆ."

ಅವಳು ಬೆಂಚಿನ ಮೇಲೆ ಮರೆತಿದ್ದ ಚೀಲವನ್ನು ಹೆಗಲಿಗೆ ಹಾಕಿಕೊಂಡು ಮೇಷ್ಟ್ರು ಮುಂದೆ ನಡೆದರು. ವಾರ್ಡಿನ ಭಾರವಾದ ಬಾಗಿಲನ್ನು ತಳ್ಳುವಾಗ ಅವರ ಕೈ ನಡುಗಿತು. ಅವಳು ತಾನೂ ಒಂದು ಕೈ ಕೊಟ್ಟಳು.