ಬುಡಾಪೆಸ್ಟಿನಲ್ಲಿ ಹಾಲುಕ್ಕಿಸಿದ್ದು

ಅಲ್ಲ ಕಣ್ರೋ, ಹಿಮ ಬೀಳೋವಾಗ ಸದ್ದೇ ಇರಲ್ಲ, ಅದನ್ನೇ ಹೇಳ್ತಾ ಇದ್ದೆ. ಮಳೆ ಅಂದ್ರೆ ತಗಡಿನ ಮೇಲೆ ಬಡಿಯುತ್ತೆ, ಕಿವಿಗೆ ಗೊತ್ತಾಗುತ್ತೆ. ಇದು ಅಂಗಲ್ಲ. ಟ್ಯಾಕ್ಸಿ ಕಿಟಕಿ ಆಚೆ ಬಿಳೀದು ಬೀಳ್ತಾನೇ ಇದೆ, ಬೀಳ್ತಾನೇ ಇದೆ, ಶಬ್ದ ಮಾತ್ರ ಇಲ್ಲ. ಊರಿಗೂರೇ ಮಲಗಿದೆ. ಒಂದು ಹಳದಿ ಟ್ರಾಮು ಹೋಯ್ತು, ಟ್ರಾಮು ಅಂದ್ರೆ ರಸ್ತೇಲೇ ಓಡೋ ರೈಲು, ಒಳಗೆಲ್ಲ ದೀಪ ಹತ್ತಿದೆ, ಒಬ್ಬರೂ ಇಲ್ಲ. ನಾನು ಚಿಕ್ಕಬಾಣಾವರದ ಹುಡುಗಿ, ಚಳಿ ಅಂದ್ರೆ ಮಾರ್ಗಶಿರದಲ್ಲಿ ಕೆರೆ ಕಡೆಯಿಂದ ಬರೋ ಗಾಳಿ ಅಷ್ಟೇ ಗೊತ್ತಿದ್ದೋಳು. ನಿದ್ದೆ ಮಾಡ್ತಿದೀನೋ ಎದ್ದಿದೀನೋ ನಂಗೇ ಗೊತ್ತಾಗ್ತಿಲ್ಲ. ಬುಡಾಪೆಸ್ಟು ಅಂತ ಊರು. ಎಪ್ಪತ್ತೇಳೋ ಎಪ್ಪತ್ತೆಂಟೋ ಇರ್ಬೇಕು. ಮೈಮೇಲೆ ರೇಷ್ಮೆ ಸೀರೆ, ಅದರ ಮೇಲೆ ನಿಮ್ಮ ತಾತನ ಹಳೇ ಸ್ವೆಟರು, ಕಾಲಿಗೆ ಬರೀ ಚಪ್ಪಲಿ. ನಗಬೇಡ ಪುಟ್ಟಿ, ವಿಮಾನ ಹತ್ತೋರು ರೇಷ್ಮೆ ಉಡ್ಬೇಕು ಅಂತ ಅತ್ತೆ ಉಡಿಸಿ ಕಳಿಸಿದ್ರು.

ಯಾಕೆ ಹೋದೆ ಅಂತ ಹೇಳ್ಲಿಲ್ಲ ಅಲ್ವಾ? ನಿಮ್ಮ ತಾತ ಜಾಲಹಳ್ಳಿ ಕಡೆ ಫ್ಯಾಕ್ಟರೀಲಿ ಇದ್ರಲ್ಲ, ಮೆಷಿನ್ ಕೆಲಸ. ಅವರನ್ನ ಫ್ಯಾಕ್ಟರಿಯವರೇ ಟ್ರೈನಿಂಗಿಗೆ ಅಂತ ಅಲ್ಲಿಗೆ ಕಳಿಸಿದ್ರು. ಮೊದಮೊದಲು ವಾರಕ್ಕೊಂದು ಕಾಗದ ಬರೋದು. ಇಲ್ಲಿ ಟ್ರಾಮಿದೆ, ಇಲ್ಲಿ ನದಿ ಇದೆ, ಸಾರಿಲ್ಲ ಕಣೇ, ಸಾಯ್ತಿದೀನಿ ಅಂತ. ಆಮೇಲೆ ಇದ್ದಕ್ಕಿದ್ದಂಗೆ ನಿಂತೋಯ್ತು. ಒಂದು ತಿಂಗಳಾಯ್ತು, ಇಲ್ಲ. ಎರಡಾಯ್ತು, ಇಲ್ಲ. ಪೋಸ್ಟ್‌ಮ್ಯಾನ್ ನಮ್ಮ ಕ್ವಾರ್ಟರ್ಸ್ ಮುಂದೆ ಬಂದ್ರೆ ತಲೆ ತಗ್ಗಿಸ್ಕೊಂಡು ಸೈಕಲ್ ತುಳಿಯೋನು. ನಲ್ಲಿ ಹತ್ರ ಪಕ್ಕದ್ಮನೆ ಜಯಮ್ಮ ಇದ್ಲಲ್ಲ, ಬಿಂದಿಗೆ ಇಟ್ಕೊಂಡು ಶುರು ಮಾಡೋಳು. "ನಾ ಹೇಳ್ದೆ ಅನ್ಬೇಡ ಕಣೇ, ಹಿಂದೆ ಒಬ್ರು ಇಂಗೇ ಹೋದ್ರಂತೆ, ಅಲ್ಲೇ ಬಿಳಿ ಹೆಂಗಸಿನ ಜೊತೆ ಸಂಸಾರ ಹೂಡಿದ್ರಂತೆ." ನಾನು "ನಮ್ಮನೆಯವರು ಅಂಥೋರಲ್ಲ ಬಿಡೇ" ಅಂದು ಬಿಂದಿಗೆ ಎತ್ಕೊಂಡು ಬರೋದು, ಮನೆಗೆ ಬಂದು ಬಾಗಿಲು ಹಾಕ್ಕೊಂಡು ಅಳೋದು. ವರ್ಷ ಆದ್ಮೇಲೆ ಹೆಂಡ್ತೀನ ಕಳಿಸೋದು ಫ್ಯಾಕ್ಟರಿ ರೂಲು. ಟಿಕೆಟ್ ಬಂತು. ಆದ್ರೆ ಬಾ ಅಂತ ಅವರು ಒಂದು ಮಾತು ಹೇಳ್ಲಿಲ್ಲ, ಬರಬೇಡ ಅಂತಾನೂ ಹೇಳ್ಲಿಲ್ಲ. ಗಂಡ ಇದಾನೋ, ಕಳ್ಕೊಂಡೆನೋ ನೋಡ್ಕೊಂಡು ಬರೋಣ ಅಂತಾನೇ ನಾನು ಹೊರಟಿದ್ದು, ನಿಜ ಹೇಳ್ತೀನಿ. ಅತ್ತೆ ಮಾತ್ರ ಏನೂ ಆಗೇ ಇಲ್ಲ ಅನ್ನಂಗೆ, "ಒಸ ಮನೆಗೆ ಓಗ್ತಿದೀಯ, ಬಲಗಾಲಿಟ್ಟು ಓಗು, ಮೊದ್ಲು ಆಲುಕ್ಸು, ಆಮೇಕೆ ಬೇರೆ ಕೆಲ್ಸ" ಅಂದು ಕುಂಕುಮದ ಭರಣಿ ಕೈಗಿಟ್ರು.

ವಿಮಾನ ಹಿಮಕ್ಕೆ ಸಿಕ್ಕಾಕ್ಕೊಂಡು ಇನ್ನೆಲ್ಲೋ ಇಳಿದು, ಅಲ್ಲಿ ದಿನವೆಲ್ಲ ಕೂರಿಸಿ, ಬುಡಾಪೆಸ್ಟ್ ಮುಟ್ಟೋ ಹೊತ್ತಿಗೆ ಅರ್ಧರಾತ್ರಿ ಕಳೆದಿತ್ತು. ಆಚೆ ಬಂದು ನೋಡ್ತೀನಿ, ಎಲ್ಲರನ್ನೂ ಯಾರೋ ಬಂದು ತಬ್ಕೊಳ್ತಾರೆ, ಮುತ್ತಿಕ್ತಾರೆ, ಕರ್ಕೊಂಡು ಹೋಗ್ತಾರೆ. ನನ್ನ ಕರ್ಕೊಂಡು ಹೋಗೋರು ಯಾರೂ ಇಲ್ಲ. ಟ್ರಂಕಿನ ಮೇಲೆ ಕೂತೆ. ದೀಪ ಒಂದೊಂದೇ ಆರಿಸ್ತಾ ಬಂದ್ರು. ಜಯಮ್ಮನ ಮಾತೇ ನಿಜ ಆಯ್ತಲ್ಲಪ್ಪ ದೇವ್ರೇ ಅನ್ನಿಸ್ತು. ಒಬ್ಬ ಟ್ಯಾಕ್ಸಿಯವನು ಬಂದ, ದಪ್ಪ ಮೀಸೆ, ಏನೇನೋ ಕೇಳ್ದ, ಫ್ಯಾಕ್ಟರಿ ಆಫೀಸಿನವರು ಕೊಟ್ಟಿದ್ದ ವಿಳಾಸದ ಚೀಟಿ ಕೊಟ್ಟೆ. ತಲೆ ಆಡಿಸ್ದ, ಟ್ರಂಕು ಎತ್ಕೊಂಡ. ನಮ್ಮೂರ ಆಟೋದವರ ಥರ ಸುತ್ತಿಸ್ಲಿಲ್ಲ ಪಾಪ, ನೆಟ್ಟಗೆ ಕರ್ಕೊಂಡು ಹೋಗಿ ಬಿಲ್ಡಿಂಗ್ ಬಾಗಿಲಿಗೇ ಬಿಟ್ಟ.

ಅಲ್ಲಿ ಬಿಲ್ಡಿಂಗು ಎಲ್ಲಾ ಒಂದೇ ಥರ ಕಣ್ರೋ. ನಮ್ಮ ಕ್ವಾರ್ಟರ್ಸೂ ಒಂದೇ ಥರಾನೇ, ಆದ್ರೆ ಅದು ಕೆಳಗಿನ ಮನೆ, ಮೇಲಿನ ಮನೆ, ಅಷ್ಟೇ. ಇದು ಆಕಾಶಕ್ಕೆ ಹೋಗಿದೆ. ನಾಕನೇ ಮಹಡಿ, ಎಡಗಡೆ ಮನೆ ಅಂತ ಆಫೀಸಿನವರು ಬಾಯಿಪಾಠ ಮಾಡಿಸಿದ್ರು. ಟ್ರಂಕು ಎಳ್ಕೊಂಡು ಎಣಿಸ್ತಾ ಹತ್ತಿದೆ, ಎಡಗಡೆ ಮನೆ ಬಾಗಿಲು ತಟ್ಟಿದೆ. ಇನ್ನೊಂದ್ಸಲ ತಟ್ಟಿದೆ. ಯಾರೂ ಇಲ್ಲ. ನೈಟ್ ಶಿಫ್ಟು ಅಂದ್ಕೊಂಡೆ. ಈಗ ಕೇಳಿ, ನಮ್ಮ ಕ್ವಾರ್ಟರ್ಸ್‌ನಲ್ಲಿ ಶಿಫ್ಟಿಗೆ ಹೋಗೋರು ಬೀಗದಕೈ ಎಲ್ಲಿಡ್ತಿದ್ರು? ಕರೆಂಟ್ ಮೀಟರ್ ಪೆಟ್ಟಿಗೆ ಮೇಲೆ. ಎಲ್ಲರ ಮನೇದೂ ಅಲ್ಲೇ, ಎಲ್ಲರಿಗೂ ಗೊತ್ತು, ಯಾರೂ ಮುಟ್ತಿರ್ಲಿಲ್ಲ. ಇಲ್ಲೂ ಬಾಗಿಲ ಪಕ್ಕ ಅಂಥದೇ ಒಂದು ಪೆಟ್ಟಿಗೆ. ಕೈ ತಾನಾಗೇ ಮೇಲೆ ಹೋಯ್ತು. ಸಿಕ್ತು! ಬೀಗದಕೈ ಸಿಕ್ತು! ನಂಗೆ ಅಳುವೇ ಬಂದ್ಬಿಡ್ತು. ನಾನು ಬರ್ತೀನಿ ಅಂತಾನೇ ಇಟ್ಟು ಹೋಗಿದಾರೆ, ನಮ್ಮ ಥರಾನೇ ಇಟ್ಟಿದಾರೆ, ಬದಲಾಗಿಲ್ಲ ಮನುಷ್ಯ ಅಂತ.

ಬಲಗಾಲಿಟ್ಟು ಒಳಗೆ ಹೋದೆ. ಒಳಗೆ ಬೆಚ್ಚಗಿತ್ತು, ಗೋಡೆಗೇ ಬಿಸಿ ಮಾಡೋ ಕೊಳಾಯಿ ಇತ್ತು. ನೇರ ಅಡುಗೆಮನೆ. ಹಾಲು ಎಲ್ಲಿಟ್ಟಿದ್ರು ಹೇಳಿ? ಎರಡು ಕಿಟಕಿ ಗಾಜಿನ ಮಧ್ಯೆ! ಆಚೆ ಚಳೀನೇ ಅವರಿಗೆ ಫ್ರಿಜ್ಜು. ಗ್ಯಾಸ್ ಒಲೆ ಹಚ್ಚಿ, ಒಲೆಗೆ ಕುಂಕುಮ ಇಟ್ಟು, ಹೊಸ್ತಿಲಿಗೂ ಕುಂಕುಮ ಇಟ್ಟು, ಪೂರ್ವ ಯಾವ ಕಡೆ ಅಂತ ಗೊತ್ತಾಗ್ದೆ ಎಲ್ಲಾ ಕಡೆಗೂ ಕೈ ಮುಗಿದೆ. ಹಾಲು ಉಕ್ಕಿತು ನೋಡಿ, ಎಂಥಾ ಚೆಂದ ಉಕ್ಕಿತು ಅಂತೀರಾ, ನೊರೆ ಎದ್ದು ನಾಕೂ ಕಡೆ ಸುರೀತು. ಆಚೆ ಹಿಮ ಬೀಳ್ತಿದೆ, ಒಳಗೆ ಹಾಲಿನ ವಾಸನೆ. ಆ ಒಂದು ಗಳಿಗೆ ಇದೆಯಲ್ಲ, ನಾನು ಈ ಲೋಕದಲ್ಲೇ ಇರ್ಲಿಲ್ಲ. ಮೂರು ತಿಂಗಳ ಸಂಕಟವೆಲ್ಲ ಹೋಗಿತ್ತು. ಒಂದು ಲೋಟ ಹಾಲು ಕುಡಿದು, ಒರಗೋಣ ಅಂತ ರೂಮಿಗೆ ಹೋಗಿ ದೀಪ ಹಾಕಿದೆ.

ಮಂಚದ ಮೇಲೆ ಎರಡು ದಿಂಬು. ಕುರ್ಚಿ ಮೇಲೆ ಹೆಂಗಸರ ಒಳಲಂಗ. ಕನ್ನಡಿ ಮುಂದೆ ಬಾಚಣಿಗೆ, ಅದರ ತುಂಬಾ ಹೊಂಬಣ್ಣದ ಕೂದಲು. ಗೂಟಕ್ಕೆ ಒಂದು ಗಂಡಸಿನ ಕೋಟು, ಅದರ ಮೇಲೇ ಒಂದು ಹೆಂಗಸಿನ ಕೋಟು, ಒಂದೇ ಗೂಟಕ್ಕೆ! ಅಯ್ಯೋ ನನ್ನ ಹಣೆಬರಹವೇ, ಇವಳ ಹಾಲನ್ನ ನಾನು ಉಕ್ಕಿಸ್ದೆನಾ, ಇವರಿಬ್ಬರ ಸಂಸಾರಕ್ಕೆ ನಾನು ಕುಂಕುಮ ಇಟ್ಟೆನಾ ಅಂತ. ಹೊರಟೋಗೋಣ ಅಂದ್ರೆ ಎಲ್ಲಿಗೆ? ಟ್ರಂಕು ತಂದು ಅಡುಗೆಮನೆ ಬಾಗಿಲಲ್ಲಿ ಹಾಕ್ಕೊಂಡು ಕೂತೆ. ಹಿಮ ನೋಡ್ತಾ ಕೂತೆ. ತೂಕಡಿಕೆ ಬಂದ್ರೆ ಕ್ವಾರ್ಟರ್ಸ್ ಬೀದಿ ಕಾಣೋದು, ಹೊಂಗೆ ಮರದ ಮೇಲೆಲ್ಲ ಹಿಮ, ಜಯಮ್ಮ ಹಿಮದಲ್ಲಿ ಬಿಂದಿಗೆ ಹೊತ್ಕೊಂಡು ಬರ್ತಿದಾಳೆ, ನಿಮ್ಮ ತಾತ ದೂರದಲ್ಲಿ ಸೈಕಲ್ ಹೊಡೀತಿದಾರೆ, ಕೂಗಿದ್ರೆ ಕೇಳಿಸ್ತಾ ಇಲ್ಲ. ಬೆಚ್ಚಿ ಎದ್ರೆ ಮತ್ತೆ ಅದೇ ಕಿಟಕಿ. ಹಿಮಕ್ಕೇನೋ ಒಂದು ಬೆಳಕಿರುತ್ತೆ, ರಾತ್ರಿಯೆಲ್ಲ ಬೆಳದಿಂಗಳೇ ಅನ್ನಂಗಿತ್ತು.

ಬೆಳಗಿನ ಜಾವ ಬಾಗಿಲು ತೆಗೀತು. ಬಂದ್ಲು. ಎತ್ತರದ ಹೆಂಗಸು, ತಲೆಗೆ ಸ್ಕಾರ್ಫು, ಕೈಯೆಲ್ಲ ಮಸಿ. ಹತ್ರ ಬಂದ್ರೆ ಮೆಷಿನ್ ಎಣ್ಣೆ ವಾಸನೆ, ನಿಮ್ಮ ತಾತನ ಬಟ್ಟೆ ಒಗೆದೂ ಒಗೆದೂ ನನ್ನ ಮೂಗಿಗೆ ಅಂಟಿದ್ದ ಅದೇ ವಾಸನೆ. ಫ್ಯಾಕ್ಟರೀಲಿ ಜೊತೆಗೆ ಕೆಲಸ ಮಾಡೋಳು, ಸಂಬಂಧ ಅಲ್ಲೇ ಬೆಳೆದಿದೆ ಅಂತ ನಂಗೆ ಎಲ್ಲಾ ಗೊತ್ತಾಗೋಯ್ತು! ಅವಳು ಹೊಸ್ತಿಲ ಕುಂಕುಮ ನೋಡಿ, ಒಲೆ ನೋಡಿ, ನನ್ನ ನೋಡಿ ಕಿಟಾರ್ ಅಂತ ಕಿರುಚಿದ್ಲು. ನಾನು ಬಿಡ್ತೀನಾ? ಸೆರಗು ಸಿಕ್ಕಿಸ್ಕೊಂಡು ಎದ್ದೆ. "ಕಿರುಚ್ತೀಯಾ? ನೀನು ಕಿರುಚ್ತೀಯೇನೇ? ತಾಳಿ ಕಟ್ಟಿಸ್ಕೊಂಡೋಳು ನಾನು ಕಣೇ!" ಅಂತ ತಾಳಿ ಎತ್ತಿ ತೋರಿಸ್ದೆ. ಬಾಯಿಗೆ ಬಂದಂಗೆ ಬೈದೆ, ಚಿಕ್ಕಬಾಣಾವರದ ಬೈಗುಳ ಒಂದನ್ನೂ ಬಿಡ್ಲಿಲ್ಲ. ಅವಳೂ ಅವಳ ಭಾಷೇಲಿ ಶುರು ಮಾಡಿದ್ಲು, ಸರಿಯಾಗೇ ಬೈತಿದ್ಲು ಅಂತ ಕಾಣುತ್ತೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಬೂಟ್ಸಿನ ಸದ್ದು. ಬಂದ್ರು, ಈಗ ಬಂದ್ರು, ಇವತ್ತು ತೀರ್ಮಾನ ಆಗ್ಲಿ ಅಂತ ತಿರುಗ್ತೀನಿ, ಬಾಗಿಲು ತುಂಬಾ ಒಬ್ಬ ಕೆಂಪು ಮುಖದ ಬಿಳಿಯ, ಟ್ರಾಮ್ ಓಡಿಸೋರ ಟೋಪಿ. ಅವಳು ಓಡಿ ಹೋಗಿ ಅವನ ತೋಳು ಹಿಡ್ಕೊಂಡ್ಲು. ಗಂಡ! ಅವಳ ಗಂಡ! ಅವನು ನನ್ನ ನೋಡ್ದ, ಸೀರೆ ನೋಡ್ದ, ತಲೆ ಚಚ್ಕೊಂಡು ನಕ್ಕ, ಬೆರಳು ಎತ್ತಿ ಸೂರು ತೋರಿಸ್ದ. ಮೇಲೆ! ಇನ್ನೊಂದು ಮೇಲೆ! ನಾನು ನೆಲದ ಮನೇನೇ ಒಂದನೇ ಮಹಡಿ ಅಂತ ಎಣಿಸಿಬಿಟ್ಟಿದ್ದೆ ಕಣ್ರೋ. ಅವರಿಬ್ಬರಿಗೂ ಬೇರೆ ಬೇರೆ ಶಿಫ್ಟು, ಮೊದಲು ಬಂದೋರಿಗೆ ಇರಲಿ ಅಂತ ಬೀಗದಕೈ ಅಲ್ಲಿಡ್ತಿದ್ರಂತೆ. ಇಲೋನಾ ಅಂತ ಆಕೆ ಹೆಸರು. ನಾನು ನಾಚಿಕೆಗೆ ಮುಖ ಮುಚ್ಕೊಂಡು ಕುಸಿದೆ, ಆಕೆ ಅಷ್ಟು ಬೈಸ್ಕೊಂಡೋಳು ಬಂದು ಬೆನ್ನು ಸವರಿದ್ಲು. ಉಳಿದಿದ್ದ ಹಾಲಲ್ಲೇ ಕಾಫಿ ಮಾಡ್ಕೊಟ್ಲು, ನನ್ನ ಕಾಲು ನೋಡಿ ತನ್ನ ಉಣ್ಣೆ ಕಾಲುಚೀಲ ಹಾಕಿದ್ಲು. ಇಬ್ಬರೂ ಸೇರಿ ಟ್ರಂಕು ಮೇಲೆ ಹೊತ್ರು.

ಮೇಲಿನ ಮನೆಗೂ ಬೀಗ. ಅಲ್ಲೇ ಮೆಟ್ಟಿಲ ಮೇಲೆ ನಾನೂ ಇಲೋನಾನೂ ಕೂತಿದ್ವಿ, ಆಗ ಬಂದ್ರು ನಿಮ್ಮ ತಾತ. ಟೋಪಿ ಮೇಲೆ ಹಿಮ, ಗುರುತೇ ಸಿಗದಷ್ಟು ಸೊರಗಿದ್ರು. ವಿಮಾನ ಇವತ್ತು ಬರಲ್ಲ ಅಂದಿದ್ರಂತೆ, ಸಂಜೆವರೆಗೂ ಕಾದು ಶಿಫ್ಟಿಗೆ ಹೋಗಿದ್ರಂತೆ. ನನ್ನ ನೋಡಿ ಪೇಟೆಗೆ ಹೋಗಿ ಬಂದೋಳನ್ನ ಕೇಳೋ ಥರ "ಯಾವಾಗ ಬಂದೆ?" ಅಂದ್ರು. ಬಲಗೈ ಕೋಟಿನ ಜೇಬಲ್ಲೇ ಇದೆ, ಎಡಗೈಲಿ ಟ್ರಂಕು ಎತ್ತಕ್ಕೆ ಬಗ್ಗಿದ್ರು. ಕೆಳಗಡೆ ಮನೇದು ತಪ್ಪು ತಿಳುವಳಿಕೆ ಸರಿ, ಮೂರು ತಿಂಗಳ ಮಾತೇನು? ನಾನು ಟ್ರಂಕಿನ ಮೇಲೆ ಕಾಲಿಟ್ಟೆ. "ಕಾಗದ ಯಾಕೆ ಬರೀಲಿಲ್ಲ?" "ಒಳಗೆ ನಡಿ, ಹೇಳ್ತೀನಿ." "ಇಲ್ಲ, ಇಲ್ಲೇ ಹೇಳಿ. ಯಾರಾದ್ರೂ ಇದ್ರೆ ಇದಾರೆ ಅಂತ ಇಲ್ಲೇ ಹೇಳ್ಬಿಡಿ, ನಾನು ಹೊರಟೋಗ್ತೀನಿ." ಅವರು ಟ್ರಂಕು ಬಿಟ್ಟು ನೆಟ್ಟಗೆ ನಿಂತ್ರು. ಆಮೇಲೆ ಜೇಬಲ್ಲಿದ್ದ ಆ ಬಲಗೈ ಆಚೆ ತೆಗೆದ್ರು. ಎರಡು ಬೆರಳಿಲ್ಲ. ಹೆಬ್ಬೆರಳ ಪಕ್ಕದ್ದು, ಅದರ ಪಕ್ಕದ್ದು. ಮೆಷಿನ್ನಿಗೆ ಸಿಕ್ಕಿತ್ತಂತೆ. ನಮ್ಮ ಫ್ಯಾಕ್ಟರಿಗೆ ತಿಳಿದ್ರೆ ವಾಪಸ್ ಕರೆಸ್ಕೊಂಡು ಕೆಲಸ ತೆಗೀತಾರೆ ಅಂತ ಹೆದರಿ, ತಿಳಿಸ್ಬೇಡಿ ಅಂತ ಅಲ್ಲಿಯವರಿಗೆ ಕೈ ಮುಗಿದಿದ್ರಂತೆ. "ಇನ್ನೊಬ್ಬರ ಕೈಲಿ ಬರೆಸಿದ್ರೆ ಅಕ್ಷರ ನೋಡಿ ನಿಂಗೆ ಗೊತ್ತಾಗ್ತಿತ್ತು. ಅದಕ್ಕೇ ಬರೆಸ್ಲಿಲ್ಲ ಕಣೇ."

ನಂಗೆ ಏನಾಯ್ತು ಗೊತ್ತಾ? ಖುಷಿ ಆಯ್ತು! ಕಟ್ಕೊಂಡ ಗಂಡನ ಎರಡು ಬೆರಳು ಹೋಗಿದೆ, ನಂಗೆ ಖುಷಿ. ಅಬ್ಬಾ, ಬರೀ ಬೆರಳಾ, ಅಷ್ಟೇನಾ ಅಂತ ಬಾಯಿಬಿಟ್ಟೇ ಅಂದುಬಿಟ್ಟೆ. ಅವರು ನನ್ನ ಮುಖಾನೇ ನೋಡಿದ್ರು. ಆಮೇಲೆ ಆ ಕೈ ಹಿಡ್ಕೊಂಡು ನಾನು ಅತ್ತುಬಿಟ್ಟೆ ನೋಡಿ, ಇಲೋನಾ ಕೂಡ ಏನೂ ಅರ್ಥ ಆಗ್ದೇನೇ ಅಳೋಕೆ ಶುರು ಮಾಡಿದ್ಲು. ಅದಕ್ಕೇ ಹೇಳೋದು ಕಣ್ರೋ, ಎಲ್ಲಿಗಾದ್ರೂ ಹೋಗಿ, ಏನಾದ್ರೂ ಆಗ್ಲಿ, ಕೈ ಹೋದ್ರೆ ಕೈ ಹೋಯ್ತು ಅಂತ ಮನೆಗೆ ಹೇಳಿಬಿಡಿ. ಮನೇಲಿ ಕೂತೋರು ಅದಕ್ಕಿಂತ ಕೆಟ್ಟದ್ದನ್ನೇ ಅಂದ್ಕೊಂಡಿರ್ತಾರೆ.