ಗಾಜಿನೊಳಗಿನ ಹೂಜಿ

ಬೆಟ್ಟದೂರಿನ ವಸ್ತುಸಂಗ್ರಹಾಲಯದ ಸಾಲಿನಲ್ಲಿ ವಯಸ್ಸಾದ ಕುಂಬಾರನ ಮುಂದೆ ವಾರಗಿತ್ತಿಯರಿಬ್ಬರು ನಿಂತಿದ್ದರು.

“ಗೋಡೆ ಮೇಲಿನ ಚಿತ್ರ ನೋಡು, ಮುನ್ನೂರು ವರ್ಷದ ಹಿಂದಿನ ಹೂಜಿ ಅಂತ ಬರೆದಿದ್ದಾರೆ. ಅದು ನೀನು ಮಾಡಿದ್ದಲ್ವೇನೇ?” ಎಂದಳು ದೊಡ್ಡವಳು.

“ಹೌದಕ್ಕಾ. ಆವಿಗೆಯಲ್ಲಿ ಸುಡುವಾಗ ಸೀಳು ಬಿಡ್ತು, ನಮ್ಮ ಕುಂಬಾರ ಕೇರಿಯ ಗುಂಡಿಗೆ ಎಸೆದೆ. ಇವರು ಅಗೆದು ತಂದು ಗಾಜಿನೊಳಗೆ ಇಟ್ಟಿದ್ದಾರೆ.”

“ಹೋಗಿ ನಿಜ ಹೇಳಿಬಿಡು.”

“ಯಾಕೆ ಹೇಳ್ಲಿ? ಜನ ಸಾಲು ನಿಂತು ನೋಡ್ತಿದ್ದಾರೆ.”

“ಅದರ ಬಾಯಿ ಸೊಟ್ಟ!”

“ಸೊಟ್ಟ ಇದ್ದಿದ್ದಕ್ಕೇ ಹಳೇದು ಅಂದ್ಕೊಂಡ್ರು.”

ದೊಡ್ಡವಳು ಕತ್ತು ಚಾಚಿ ಬಾಗಿಲ ಕಡೆ ನೋಡಿದಳು.

“ನಾನೂ ಅದೇ ಗುಂಡಿಗೆ ಹತ್ತು ಎಸೆದಿದ್ದೆ ಕಣೇ. ಒಂದಾದ್ರೂ ಇವರ ಕಣ್ಣಿಗೆ ಬೀಳಬಾರದಿತ್ತಾ?”

ಬಾಗಿಲು ತೆರೆಯಿತು, ಇಬ್ಬರೂ ಒಳಗೆ ಹೋದರು. ಹಿಂದಿದ್ದ ಕುಂಬಾರನಿಗೆ ಎಲ್ಲವೂ ಕೇಳಿಸಿತ್ತು.

ಕುಂಬಾರನ ತೀರಿಕೊಂಡ ಹೆಂಡತಿಯೂ ಒಡಕು ಮಡಕೆಗಳನ್ನು ಆ ಗುಂಡಿಗೇ ಹಾಕುತ್ತಿದ್ದಳು. ‘ದೇವರೇ, ಕ್ಷಮಿಸು’ ಎಂದುಕೊಂಡರೂ, ಅವಳದೊಂದೂ ಗಾಜಿನೊಳಗೆ ಸೇರಲಿಲ್ಲವಲ್ಲ ಎಂಬ ಅವನ ಹೊಟ್ಟೆಯುರಿ ತಣಿಯಲಿಲ್ಲ.