ಪರದೆಯ ಇನ್ನೊಂದು ತುದಿ

ಬಸ್ ನಿಲ್ದಾಣದ ಬೆಂಚಿನಲ್ಲಿ ನನ್ನ ಪಕ್ಕ ಇಬ್ಬರು ಹೆಂಗಸರು ಕೂತಿದ್ದರು. ಕಿರಿಯವಳ ಮೈಮೇಲೆ ನಗರಸಭೆಯ ಗುತ್ತಿಗೆದಾರ ಕೊಟ್ಟ ಸಮವಸ್ತ್ರವಿತ್ತು. ಹಿರಿಯವಳ ಮೈಮೇಲೆ ಅದು ಇರಲಿಲ್ಲ.

“ಹೊಸ ಸಂಬಳ ಬಂತಾ?”

“ಬಂತಕ್ಕ. ಬದುಕೋಕೆ ಸಾಕಾಗುವಷ್ಟು ಕೊಡಲೇಬೇಕು ಅಂತ ನಗರಸಭೆಯವ್ರು ರೂಲ್ಸ್ ಮಾಡಿದ್ರಲ್ಲ.”

“ಒಳ್ಳೇದಾಯ್ತು ಬಿಡು.”

“ಏನ್ ಒಳ್ಳೇದು? ಕಂಟ್ರಾಕ್ಟರ್ ಇಬ್ಬರ ಕೆಲಸ ನನ್ನೊಬ್ಬಳ ತಲೆಗೆ ಕಟ್ಟಿ, ನಿನ್ನ ತೆಗೆದ್ಬಿಟ್ಟ.”

“ಅಲ್ಲ ಕಣೇ, ಆ ಮೀಟಿಂಗ್ ಹಾಲ್ ಪರದೆ ಒಗೆದು ಹಿಂಡುವಾಗ ಇನ್ನೊಂದು ತುದಿ ಯಾರು ಹಿಡೀತಾರೆ?”

“ಕಿಟಕಿ ಸರಳಿಗೆ ಕಟ್ತೀನಿ. ಆದ್ರೂ ‘ಬಿಗಿಯಾಗಿ ಹಿಡ್ಕೋ ಅಕ್ಕಾ’ ಅಂತ ಬಾಯಿಗೆ ಬಂದ್ಬಿಡುತ್ತೆ.”

“ಕಿಟಕಿ ಏನಂತು?”

“ನಿನ್ನ ಹಾಗೆ ಬೈಯಲ್ಲ.”

ಇಬ್ಬರೂ ನಕ್ಕರು. ಬಸ್ ಬಂತು, ಹಿರಿಯವಳು ಹತ್ತಿ ಬಾಗಿಲಲ್ಲೇ ನಿಂತಳು. ಅದು ಹೊರಟಾಗ ಕಿರಿಯವಳು ಕೆಳಗಿನಿಂದ ಕೂಗಿದಳು:

“ಬಿಗಿಯಾಗಿ ಹಿಡ್ಕೋ ಅಕ್ಕಾ!”